ಹೊಟ್ಟೆ ಖಾಲಿಯಾಗುವ ವೇಗ ನೋಡುವ ಸ್ಕ್ಯಾನ್
(ಸದಸ್ಯರ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ವೈದ್ಯರು ಮಾಡಿದ ಭಾಷಣ)



ಹಸುವಿನ ಹೊಟ್ಟೆ ಕೆಟ್ಟರೆ ನಿಮಗೆ ಬೇಗ ಗೊತ್ತಾಗುತ್ತದೆ. ಮೆಲುಕು ನಿಲ್ಲುತ್ತದೆ, ಎಡ ಪಕ್ಕೆ ಉಬ್ಬುತ್ತದೆ. ಪಶುವೈದ್ಯರು ಬಂದು ಆ ಪಕ್ಕೆಗೆ ಮುಷ್ಟಿ ಒತ್ತಿ, ಒಳಗಿನ ಚೀಲ ಎಷ್ಟು ಸಲ ಅಲುಗುತ್ತದೆಂದು ಎಣಿಸುತ್ತಾರೆ. ಮನುಷ್ಯನ ಜಠರವನ್ನು ಹಾಗೆ ಕೈಯಿಟ್ಟು ತಿಳಿಯಲಾಗದು. ಅದಕ್ಕಾಗಿ ಈ ಸ್ಕ್ಯಾನ್ ಇದೆ.

ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಬೆಳಿಗ್ಗೆ ತಿಂದದ್ದು ಸಂಜೆ ಹಾಗೆಯೇ ವಾಂತಿಯಾಗುವುದು ಇಂಥ ತೊಂದರೆಯಿದ್ದು, ಎಂಡೋಸ್ಕೋಪಿಯಲ್ಲಿ ಹುಣ್ಣಾಗಲಿ ಅಡ್ಡಿಯಾಗಲಿ ಕಾಣದಿದ್ದರೆ ವೈದ್ಯರು ಈ ಪರೀಕ್ಷೆ ಬರೆದುಕೊಡುತ್ತಾರೆ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಜಠರವನ್ನು ನಡೆಸುವ ನರ ದುರ್ಬಲವಾಗಿ ಆಹಾರ ಮುಂದೆ ಸಾಗುವುದು ತಡವಾಗಬಹುದು. ಇದನ್ನು "ಗ್ಯಾಸ್ಟ್ರಿಕ್" ಎಂದು ಅಂಗಡಿ ಮಾತ್ರೆ ನುಂಗಿ ದಿನ ದೂಡುವವರು ನಮ್ಮಲ್ಲಿ ಬಹಳ. ಅಪಾಯ ಏನೆಂದರೆ, ಚುಚ್ಚಿಕೊಂಡ ಇನ್ಸುಲಿನ್ ವೇಳೆಗೆ ಸರಿಯಾಗಿ ಕೆಲಸ ಮಾಡುತ್ತದೆ, ಉಂಡ ಮುದ್ದೆ ಮಾತ್ರ ಇನ್ನೂ ಜಠರದಲ್ಲೇ ಕೂತಿರುತ್ತದೆ. ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಅದೇ ಸಕ್ಕರೆ ಏರುತ್ತದೆ. ಕಾರಣ ತಿಳಿಯದೆ ಡೋಸ್ ಹೆಚ್ಚಿಸಿದರೆ ಕಷ್ಟ ಹೆಚ್ಚುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿಯಿಂದ ಉಪವಾಸ. ಬೀಡಿ, ಸಿಗರೇಟು ಬೇಡ. ವಾಂತಿ ನಿಲ್ಲಿಸುವ ಡೊಂಪೆರಿಡೋನ್, ಮೆಟೊಕ್ಲೋಪ್ರಮೈಡ್‌ನಂಥ ಮಾತ್ರೆಗಳನ್ನೂ ಕೆಲವು ನೋವಿನ ಮಾತ್ರೆಗಳನ್ನೂ ಸಾಮಾನ್ಯವಾಗಿ ಎರಡು ಮೂರು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆಗೆ ಈಗ ಬಂದಿರುವ ಸೆಮಗ್ಲೂಟೈಡ್ ಮುಂತಾದ ಔಷಧಿಗಳು ಜಠರವನ್ನೇ ನಿಧಾನಗೊಳಿಸುತ್ತವೆ. ತೆಗೆದುಕೊಳ್ಳುತ್ತಿದ್ದರೆ ಮರೆಯದೆ ತಿಳಿಸಿ. ಆದರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಉಪವಾಸದ ದಿನ ಇನ್ಸುಲಿನ್ ಎಷ್ಟು ಎಂದು ಮುಂಚೆಯೇ ಕೇಳಿಕೊಳ್ಳಿ. ಅಂದು ಸಕ್ಕರೆ ತೀರಾ ಏರಿದ್ದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಏಕೆಂದರೆ ಹೆಚ್ಚಿದ ಸಕ್ಕರೆಯೂ ಜಠರವನ್ನು ತಡೆಯುತ್ತದೆ.

ಅಲ್ಲಿ ನಿಮಗೆ ಸೂಜಿ ಇಲ್ಲ, ನಳಿಗೆ ಇಲ್ಲ. ಊಟ ಕೊಡುತ್ತಾರೆ, ಅಷ್ಟೆ! 2008ರಲ್ಲಿ ಅಮೆರಿಕದ ತಜ್ಞರು ಒಪ್ಪಿಕೊಂಡ ಕ್ರಮದಲ್ಲಿ ಮೊಟ್ಟೆಯ ಬಿಳಿಭಾಗ, ಎರಡು ತುಂಡು ಬ್ರೆಡ್, ಜಾಮ್, ನೀರು. ನಮ್ಮ ಕಡೆ ಕೆಲವು ಆಸ್ಪತ್ರೆಗಳಲ್ಲಿ ಇಡ್ಲಿ ಕೊಡುವುದೂ ಉಂಟು. ಮೊಟ್ಟೆ ತಿನ್ನದವರು ಮೊದಲೇ ಹೇಳಬೇಕು. ಆಹಾರದಲ್ಲಿ ಟೆಕ್ನೀಶಿಯಂ ಎಂಬ ವಿಕಿರಣ ವಸ್ತು ಅತ್ಯಲ್ಪ ಬೆರೆತಿರುತ್ತದೆ. ರುಚಿ ವಾಸನೆ ಏನೂ ಇಲ್ಲ. ಹತ್ತು ನಿಮಿಷದೊಳಗೆ ಪೂರ್ತಿ ತಿನ್ನಬೇಕು. ಅರ್ಧ ಬಿಟ್ಟರೆ ಅಥವಾ ವಾಂತಿಯಾದರೆ ಸಿಬ್ಬಂದಿಗೆ ಹೇಳಿ, ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ.

ತಿಂದ ಕೂಡಲೇ ಕ್ಯಾಮೆರಾ ಮುಂದೆ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ನಂತರ 1, 2, 4 ಗಂಟೆಗೆ ಮತ್ತೆ. ಪ್ರತಿ ಚಿತ್ರಕ್ಕೆ ಒಂದೆರಡು ನಿಮಿಷ ಸಾಕು. ಕ್ಯಾಮೆರಾದಿಂದ ಕಿರಣ ಬರುವುದಿಲ್ಲ, ಹೊಟ್ಟೆಯೊಳಗಿನ ಆಹಾರದಿಂದ ಬರುವುದನ್ನು ಅದು ಹಿಡಿಯುತ್ತದೆ. ನಡುವೆ ಕೂತಿರಬಹುದು, ಆದರೆ ಕಾಫಿಯೂ ಸೇರಿ ಏನನ್ನೂ ಸೇವಿಸುವಂತಿಲ್ಲ. ಎರಡು ಗಂಟೆಯಾಯಿತೆಂದು ಬಸ್ಸು ಹಿಡಿಯುವ ಆತುರ ಬೇಡ. ಎರಡು ಗಂಟೆಗೆ ಸರಿ ಕಂಡ ಜಠರ ನಾಲ್ಕರ ಚಿತ್ರದಲ್ಲಿ ನಿಧಾನವೆಂದು ತಿಳಿಯುವುದುಂಟು. ಮೊಟ್ಟೆಯ ಊಟದಲ್ಲಿ 4 ಗಂಟೆಗೆ ಶೇ. 10ಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನ ಎಂದರ್ಥ. ಬೇರೆ ಊಟಕ್ಕೆ ಲೆಕ್ಕ ಬೇರೆ.

ವಿಕಿರಣ ಎಂದರೆ ಹೆದರುವವರಿದ್ದಾರೆ. ಟೆಕ್ನೀಶಿಯಂನ ಶಕ್ತಿ ಪ್ರತಿ 6 ಗಂಟೆಗೆ ಅರ್ಧಕ್ಕಿಳಿಯುತ್ತದೆ, ಉಳಿದದ್ದು ಮಲದಲ್ಲಿ ಹೋಗುತ್ತದೆ. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಮಾತ್ರ ಮೊದಲೇ ತಿಳಿಸಬೇಕು.

ಈ ಸ್ಕ್ಯಾನ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಲ್ಲ, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಆದ್ದರಿಂದ ಅಂದಿನ ಬೆಳಗಿನ ಹಾಲು ಕರೆದು ಡೇರಿಗೆ ಹಾಕುವ ಕೆಲಸವನ್ನು ಮನೆಯವರಿಗೆ ಒಪ್ಪಿಸಿ ಹೊರಡಿ. ಸಂಜೆ ವೇಳೆಗೆ ಊರು ಸೇರಿದರೆ ಹಸುವಿನ ಹತ್ತಿರ ಹೋಗಲು, ಹಾಲು ಕರೆಯಲು ಯಾವ ಅಡ್ಡಿಯೂ ಇಲ್ಲ.