ತತ್ವಪದಕ್ಕೆ ಗಿಟಾರ್ ಜೊತೆಯಾದ ಕಥೆ



ಮಲೆಬೆನ್ನೂರಿನಿಂದ ಹರಿಹರಕ್ಕೆ ಹೋಗಿ, ತುಂಗಭದ್ರೆಯ ಸೇತುವೆ ದಾಟಿ, ರಾಣೆಬೆನ್ನೂರು, ಹಾವೇರಿಗಳನ್ನು ಹಿಂದೆ ಬಿಟ್ಟರೆ ಶಿಗ್ಗಾಂವಿ ಸಿಗುತ್ತದೆ. ಆ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫ ಸಾಹೇಬರ ಪದಗಳು ಭದ್ರಾ ನಾಲೆಯ ಈ ಭತ್ತದ ಸೀಮೆಗೆ ಹೊಸತೇನಲ್ಲ. ಹರಿ ಮತ್ತು ಹರ ಒಂದೇ ಮೂರ್ತಿಯಲ್ಲಿ ನಿಂತಿರುವ ಊರಿನ ನೆರೆಹೊರೆಯವರಿಗೆ, ಗೋವಿಂದಭಟ್ಟರು ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದರೆಂಬ ಐತಿಹ್ಯವೂ ವಿಚಿತ್ರವಾಗಿ ಕಾಣಲಾರದು. ಹೊಸತಾಗಿ ಕಂಡದ್ದು ಬೇರೆ. ಅದೇ ಶರೀಫರ ಪದವನ್ನು ಗಿಟಾರು, ಡ್ರಮ್ಮುಗಳ ಜೊತೆ, ಬಣ್ಣದ ಲುಂಗಿ ಉಟ್ಟ ಹುಡುಗರು ವಿಲಾಯತಿಯ ವೇದಿಕೆಗಳಲ್ಲಿ ಹಾಡಿದ್ದು.

ಅಲ್ಲಿಗೆ ಬರುವ ಮೊದಲು ‘ಬಿಡಿ ಹಾಡು’ ಎಂದರೇನು ಎಂದು ನೋಡಬೇಕು. ಗ್ರಾಮಾಫೋನಿನ ಹಳೆಯ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಹೆಚ್ಚುಕಡಿಮೆ ಮೂರು ನಿಮಿಷದ ಹಾಡು. ನಾಟಕ ಕಂಪನಿಯ ಕಂದಪದ್ಯವೇ ಇರಲಿ, ದೇವರನಾಮವೇ ಇರಲಿ, ಅಷ್ಟಕ್ಕೇ ಕತ್ತರಿಸಿಕೊಳ್ಳಬೇಕಿತ್ತು. ಆಮೇಲೆ ಧ್ವನಿಸುರುಳಿ ಬಂದು ಎಂಟು-ಹತ್ತು ಹಾಡುಗಳನ್ನು ಒಟ್ಟಿಗೆ ಮಾರುವ ಪದ್ಧತಿ ತಂದಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು ಭಾವಗೀತೆಗೆ ಮನೆಮನೆಯ ಬಾಗಿಲು ತೆರೆಯಿತು. ಶರೀಫರ ಪದಗಳನ್ನು ಹಾಗೆ ನಾಡಿನುದ್ದಕ್ಕೂ ಹಬ್ಬಿಸಿದವರು ಸಿ. ಅಶ್ವತ್ಥ್. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ, ಭಜನೆಯ ಮನೆಗೆ ಕಾಲಿಡದವರ ಬಾಯಲ್ಲೂ ‘ಕೋಡಗನ ಕೋಳಿ ನುಂಗಿತ್ತ’ ನಲಿಯತೊಡಗಿತು.

ಈ ಹಿನ್ನೆಲೆಯಲ್ಲಿ ರಘು ದೀಕ್ಷಿತ್ ಬಂದರು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಗಿಟಾರ್ ಕೈಗೆ ಬಂದದ್ದು ಕಾಲೇಜಿನ ಗೆಳೆಯನೊಬ್ಬನ ಸವಾಲಿನಿಂದ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು, ಅದು ಒಡೆಯಿತು. ಕಂಪನಿಗಳ ಬಾಗಿಲಿಗೆ ಅಲೆದರು. ಸಿನಿಮಾದ್ದಲ್ಲದ ಹಾಡು, ಅದರಲ್ಲೂ ಕನ್ನಡ, ಅದರಲ್ಲೂ ತತ್ವಪದ! ಯಾವ ವ್ಯಾಪಾರಿ ಕೈ ಹಾಕಿಯಾನು? ನಮ್ಮಲ್ಲಿ ಹಾಡು ಎಂದರೆ ಸಿನಿಮಾದ ಹಾಡು ಎನ್ನುವಷ್ಟು ಆ ಮಾರುಕಟ್ಟೆ ಬಲವಾದದ್ದು. ‘ಇಂಡಿ’ ಎಂದು ಹುಡುಗರು ಕರೆಯುವ ಈ ಸ್ವತಂತ್ರ ಸಂಗೀತ ಅದರ ಹೊರಗೆ ನಿಂತು ಬದುಕಬೇಕು. ಕೊನೆಗೆ ಮುಂಬಯಿಯಲ್ಲಿ ಇವರ ಹಾಡು ಕೇಳಿದ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ತಮ್ಮದೇ ಹೊಸ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಮ್ ಹೊರತಂದರು. ಅದರಲ್ಲಿ ಹಿಂದಿ ಹಾಡುಗಳ ನಡುವೆಯೇ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇತ್ತು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಕಾಣಿಸಿಕೊಂಡ ಮೇಲೆ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆ ಆಲ್ಬಮ್ ಮೊದಲ ಸ್ಥಾನಕ್ಕೇರಿತು.

ಗುಡುಗುಡಿ ಎಂದರೆ ಹುಕ್ಕಾ. ಶರೀಫರ ಗುಡುಗುಡಿಗೆ ಶರೀರವೇ ಬುರುಡೆ, ಬುದ್ಧಿಯೇ ಬೆಂಕಿ. ಕೊಚ್ಚಿ ತುಂಬಬೇಕಾದ ಸೊಪ್ಪು ಮನುಷ್ಯನ ಮೋಹ. ಇದನ್ನು ತಿಳಿಯದೆ ಕುಣಿದವರೂ ಇದ್ದಾರೆ. ತಿಳಿದವರೆಲ್ಲ ಕುಣಿಯದೆ ಕುಳಿತರೆಂದೂ ಅಲ್ಲ.

2013ರ ‘ಜಗ್ ಚಂಗಾ’ ಆಲ್ಬಮಿನಲ್ಲಿ ಇನ್ನೊಂದು ಪದ ಬಂತು, ‘ಲೋಕದ ಕಾಳಜಿ’. ವಿಡಿಯೊ ಆಗಿ ಯೂಟ್ಯೂಬಿಗೂ ಬಂದದ್ದರಿಂದ ಆಲ್ಬಮ್ ಕೊಳ್ಳದವರಿಗೂ ಬಿಡಿ ಹಾಡಾಗಿ ತಲುಪಿತು; ಮೂರು ನಿಮಿಷದ ತಟ್ಟೆಯ ಕಾಲ ಹೊಸ ವೇಷದಲ್ಲಿ ಮರಳಿತೆನ್ನಬೇಕು. ಬದುಕೆಂಬುದು ಒಂದಿಷ್ಟು ಹೊತ್ತಿನ ಸಂತೆ, ಮಾಳಿಗೆ ಬೇಕು ಅಂಬಾರಿ ಬೇಕು ಎಂದು ಹಾರಾಡುವವನು ಮಣ್ಣಿಗಿಳಿಯುವುದನ್ನೇ ಮರೆತಿದ್ದಾನೆ ಎಂದು ಗೇಲಿ ಮಾಡುವ ಪದ ಅದು.

ಹಿರಿಯರು ಕೆಲವರು ಮುಖ ಸಿಂಡರಿಸುತ್ತಾರೆ. ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಭಜನೆಯಲ್ಲಿ ನುಡಿ ನುಡಿಗೂ ನಿಲುಗಡೆ ಇದೆ. ಹಾಡುಗಾರ ತಂಬೂರಿ ಮೀಟುತ್ತ ಅರ್ಥ ಬಿಡಿಸಿ ಹೇಳುವ ವ್ಯವಧಾನವಿದೆ. ರಾಕ್ ಸಂಗೀತದ ಓಟದಲ್ಲಿ ಆ ವ್ಯವಧಾನ ಹೋಯಿತು; ಗೇಲಿಯ ಹಿಂದಿನ ಸಾವು ಕುಣಿತದಲ್ಲಿ ಮರೆಯಾಯಿತು. ಆದರೆ ಒಂದು ಮಾತು. ಒಬ್ಬ ನುಡಿ ಎತ್ತಿಕೊಡುವುದು, ಉಳಿದವರು ಪಲ್ಲವಿ ಹಿಡಿಯುವುದು: ಭಜನೆಯ ಈ ಕಟ್ಟು ರಾಕ್ ಹಾಡಿಗೆ ಹೇಳಿಮಾಡಿಸಿದಂತಿದೆ. ದಮ್ಮಡಿಯ ಜಾಗಕ್ಕೆ ಡ್ರಮ್ ಬಂದರೆ ಪದವೇನೂ ಕುಸಿದು ಬೀಳಲಿಲ್ಲ. ಸಿನಿಮಾ ಒಂದನ್ನೇ ಕೇಳಿ ಬೆಳೆದ ಪಟ್ಟಣದ ಹುಡುಗನಿಗೆ ಶರೀಫರ ಹೆಸರು ತಲುಪಿದ್ದು ಈ ದಾರಿಯಿಂದಲೇ.

ನಿಜವಾದ ತಕರಾರು ಇರುವುದು ವಾದ್ಯದಲ್ಲಲ್ಲ, ಒಡೆತನದಲ್ಲಿ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯಂತೆ ಕವಿಯ ಹಕ್ಕು ಆತ ಸತ್ತ ಮೇಲೆ 60 ವರ್ಷದವರೆಗೆ ಮಾತ್ರ. ಶರೀಫರ ಪದಗಳು ಎಂದೋ ಎಲ್ಲರವಾಗಿವೆ. ಆದರೆ ಅವನ್ನು ಹಾಡಿದ ಧ್ವನಿಮುದ್ರಣ ಎಲ್ಲರದಲ್ಲ. ಪ್ರಕಟವಾದ ಮೇಲೆ 60 ವರ್ಷ ಅದು ಮಾಡಿಸಿದವರ ಸ್ವತ್ತು. ಅಂದರೆ, ಶರೀಫರು ತೀರಿಕೊಂಡ ಮೇಲೆ ಆ ಪದಗಳನ್ನು ನಾಲಿಗೆಯಲ್ಲೇ ಕಾಪಾಡಿಕೊಂಡು ಬಂದ ಹಳ್ಳಿಯ ಭಜನಾ ಮಂಡಳಿಗಳಿಗೆ, ಹಾಡು ಹಣವಾದ ದಿನ ಕಾಯಿದೆಯಲ್ಲಿ ಪಾಲಿಲ್ಲ. ಇದು ಒಬ್ಬ ಗಾಯಕನ ತಪ್ಪಲ್ಲ, ಅಶ್ವತ್ಥರ ಕಾಲದಲ್ಲೂ ಕಾಯಿದೆ ಬಾಯಿಪಾಠದವರ ಕಡೆ ನೋಡಿರಲಿಲ್ಲ.

ಆದರೂ ಮಂಡಳಿಗಳ ಕೈ ಪೂರ್ತಿ ಖಾಲಿಯಲ್ಲ. ಸೋಮವಾರದ ಭಜನೆಯನ್ನು ಅವರೇ ಒಂದು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಆ ಮುದ್ರಣ ಅವರದೇ. ಪದ ಯಾರದೂ ಅಲ್ಲ, ದನಿ ಅವರದು. ಅದಕ್ಕೆ ಸ್ಟುಡಿಯೊ ಬೇಡ, ಮುಂಬಯಿಗೆ ಹೋಗುವುದೂ ಬೇಡ. ಹಿಡಿಯುವ ಹೊತ್ತಿಗೆ ಪಕ್ಕದ ಗಿರಣಿ ನಿಂತಿದ್ದರೆ ಸಾಕು.