ಸ್ವಂತ ವಿಮಾನಕ್ಕೊಂದು ಬ್ಯಾಟರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

"ಅಮೆರಿಕದಲ್ಲಿ ವಿಮಾನ ಕಟ್ಟಿದ್ದೀರಂತೆ, ಅದರ ಬಗ್ಗೆ ಹೇಳಿ" ಎಂದರು ಸಮಿತಿಯವರು. ಇಡೀ ವಿಮಾನದ ಕಥೆ ಹೇಳಿದರೆ ಊಟದ ಹೊತ್ತು ಮೀರುತ್ತದೆ. ಅದರೊಳಗಿನ ಒಂದೇ ಸಾಮಾನಿನ ಬಗ್ಗೆ ಹೇಳುತ್ತೇನೆ: ಬ್ಯಾಟರಿ. ಹಿರಿಯರಿಗೆ ನೆನಪಿರಬಹುದು, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನಮ್ಮಪ್ಪನ ಬ್ಯಾಟರಿ ಚಾರ್ಜಿಂಗ್ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬುವುದು ನನ್ನ ಕೆಲಸ. ನನ್ನ ಖಾಕಿ ಚಡ್ಡಿಯಲ್ಲಿ ಆಸಿಡ್ ಬಿದ್ದ ತೂತುಗಳಿದ್ದವು. ಅದಕ್ಕಾಗಿ ಈ ಮೈದಾನದಲ್ಲೇ ಡ್ರಿಲ್ ಮೇಷ್ಟರಿಂದ ಬೈಸಿಕೊಂಡಿದ್ದೇನೆ.

ಅಮೆರಿಕದಲ್ಲಿ ಹವ್ಯಾಸಕ್ಕೆಂದು, ಕಲಿಕೆಗೆಂದು ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದರೆ, ತಪಾಸಣೆಯ ನಂತರ ಅದನ್ನು 'ಎಕ್ಸ್‌ಪೆರಿಮೆಂಟಲ್' ವರ್ಗದಲ್ಲಿ ಹಾರಿಸಲು ಅನುಮತಿ ಸಿಗುತ್ತದೆ. ಇಂಥವರ ಸಂಘವೊಂದು 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಹುಟ್ಟಿತು. ನಾನಿರುವುದೂ ಆ ರಾಜ್ಯದಲ್ಲೇ. ಏಳು ವರ್ಷ ಕಾರ್ ನಿಲ್ಲಿಸುವ ಜಾಗದಲ್ಲಿ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು ಎರಡು ಸೀಟಿನ ಆರ್‌ವಿ-9 ವಿಮಾನ ಕಟ್ಟಿದೆ.

ಬ್ಯಾಟರಿಗೆ ಅಲ್ಲಿ ಎರಡು ಕೆಲಸ. ಒಂದು, ಸೆಲ್ಫ್ ಹೊಡೆಯುವುದು. ಕೆಲವೇ ಸೆಕೆಂಡು, ಆದರೆ ನೂರಾರು ಆಂಪಿಯರ್. ಎಂಜಿನ್ ಓಡಿದ ಮೇಲೆ ಕರೆಂಟು ಕೊಡುವುದು ಆಲ್ಟರ್ನೇಟರ್. ಎರಡನೆಯ ಕೆಲಸ ಆ ಆಲ್ಟರ್ನೇಟರ್ ಆಕಾಶದಲ್ಲಿ ಕೈಕೊಟ್ಟಾಗ: ರೇಡಿಯೊ, ಪರದೆ ಎಲ್ಲವನ್ನೂ ನೆಲ ಮುಟ್ಟುವವರೆಗೆ ನಡೆಸುವುದು. (ರೈಟ್ ಸಹೋದರರಿಗೆ ಈ ಎರಡನೆಯ ತಾಪತ್ರಯ ಇರಲಿಲ್ಲ. 1903ರಲ್ಲಿ ಅವರು ಎಂಜಿನ್ ಶುರು ಮಾಡಲು ಬಳಸಿದ ಡ್ರೈ ಸೆಲ್‌ಗಳನ್ನು ನೆಲದ ಮೇಲೇ ಬಿಟ್ಟು ಹಾರಿದರು.)

ವಿಮಾನ ಕಟ್ಟುವವರಿಗೆ ತೂಕದ ಹುಚ್ಚು. ತಿರುಪಿನ ಉದ್ದ ಕೂಡ ಲೆಕ್ಕ ಹಾಕುತ್ತೇವೆ. ಸೀಸದ ಬ್ಯಾಟರಿ ಸುಮಾರು 7 ಕಿಲೊ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದು ಸಿಕ್ಕಿತು, 2 ಕಿಲೊ ಕೂಡ ಇರಲಿಲ್ಲ. ಮೇಲೆ '18 ಆಂಪಿಯರ್-ಅವರ್' ಎಂದು ದೊಡ್ಡದಾಗಿ ಬರೆದಿತ್ತು. ಎಂಜಿನ್ ಒಂದೇ ಸಲಕ್ಕೆ ಬುರ್ರೆಂದು ತಿರುಗಿತು. ಖುಷಿಯಾಗಿ ಅದನ್ನೇ ಹಾಕಿದೆ.

ಆ ವರ್ಷದ ಆಗಸ್ಟ್‌ನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹಿಂತಿರುಗುತ್ತಿದ್ದೆ. ಆಲ್ಟರ್ನೇಟರಿನ ಕೆಂಪು ದೀಪ ಹೊತ್ತಿತು. ಕೆಳಗೇ ಒಂದು ವಿಮಾನ ನಿಲ್ದಾಣ ಕಾಣುತ್ತಿತ್ತು. ನಮ್ಮೂರಿಗೆ ಇನ್ನೂ 50 ನಿಮಿಷ. ನನ್ನ ಸಾಮಾನುಗಳೆಲ್ಲ ಸೇರಿ 12 ಆಂಪಿಯರ್ ಎಳೆಯುತ್ತವೆ. 18 ಭಾಗಿಸು 12, ಒಂದೂವರೆ ಗಂಟೆ. ಇಲ್ಲಿಯ ಎಂಟನೇ ಕ್ಲಾಸಿನ ಲೆಕ್ಕ, ತಪ್ಪಿರಲಿಲ್ಲ. ಮುಂದೆ ಹೋದೆ, ಏನನ್ನೂ ಆಫ್ ಮಾಡಲಿಲ್ಲ. ವೋಲ್ಟ್‌ಮೀಟರ್ ಕೂಡ ಸುಮಾರು 13ರಲ್ಲೇ ಅಲ್ಲಾಡದೆ ನಿಂತಿತ್ತು.

27ನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ರೇಡಿಯೊ ಸತ್ತಿತು.

"ಏನ್ರೀ ಆಯ್ತು?" ಅಂದಳು.

"ಏನಿಲ್ಲ, ಕರೆಂಟ್ ಹೋಯ್ತು" ಅಂದೆ.

"ಊರಲ್ಲಿ ಹೋಗೋ ಹಾಗಾ?" ಅಂದಳು. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ಎಂಜಿನ್ ನಿಲ್ಲಲಿಲ್ಲ, ಏಕೆಂದರೆ ನನ್ನದಕ್ಕೆ ಎರಡು ಮ್ಯಾಗ್ನೆಟೊ ಇವೆ. ಕಿಡಿ ಹುಟ್ಟಿಸಲು ಅವಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಪೂರ್ತಿ ಬ್ಯಾಟರಿಯನ್ನೇ ನಂಬಿರುವ ಎಂಜಿನ್ ಆಗಿದ್ದರೆ ಅದೇ ಕ್ಷಣ ನಿಂತಿರುತ್ತಿತ್ತು. ಪುಣ್ಯಕ್ಕೆ ಮುಳ್ಳಿನ ವೇಗಮಾಪಕವೊಂದನ್ನೂ ದಿಕ್ಸೂಚಿಯನ್ನೂ ಹಾಕಿದ್ದೆ. ನಮ್ಮ ನಿಲ್ದಾಣದಲ್ಲಿ ನಿಯಂತ್ರಣ ಗೋಪುರವಿಲ್ಲ. ಇಳಿಯುವವರು ತಮ್ಮ ಜಾಗವನ್ನು ರೇಡಿಯೊದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾನು ಮೂಕ, ಕಿವುಡ. ಎರಡು ಸುತ್ತು ಹಾಕಿ, ಬೇರೆ ವಿಮಾನವಿಲ್ಲವೆಂದು ಖಚಿತಪಡಿಸಿಕೊಂಡು ಇಳಿದೆ. ಫ್ಲ್ಯಾಪ್ ಬಿಡಲು ಮೋಟರಿಗೆ ಕರೆಂಟಿರಲಿಲ್ಲ, ಹಾಗಾಗಿ ಜೋರಾಗಿಯೇ ಇಳಿದು ರನ್‌ವೇಯ ಬಹುಭಾಗ ಓಡಬೇಕಾಯಿತು.

ಬಿಚ್ಚಿ ನೋಡಿದರೆ ಆಲ್ಟರ್ನೇಟರಿನ ತಂತಿಯ ಲಗ್ಗು ಮುರಿದಿತ್ತು, ನಾನೇ ಒತ್ತಿ ಕೂರಿಸಿದ್ದು. ಬ್ಯಾಟರಿಯ ಕಾಗದಗಳನ್ನು ಮತ್ತೆ ಓದಿದೆ. 18 ಎನ್ನುವುದು 'ಸೀಸಕ್ಕೆ ಸಮಾನ' ಎಂಬ ಅಂಕಿ. ಅಷ್ಟು ದೊಡ್ಡ ಸೀಸದ ಬ್ಯಾಟರಿಯಷ್ಟು ಜೋರಾಗಿ ಸೆಲ್ಫ್ ಹೊಡೆಯುತ್ತದೆ ಎಂದರ್ಥ. ಒಳಗಿದ್ದ ನಿಜವಾದ ಸಂಗ್ರಹ 6. ಆರನ್ನು ಹನ್ನೆರಡರಿಂದ ಭಾಗಿಸಿದರೆ ಅರ್ಧ ಗಂಟೆ. ಸಣ್ಣ ಅಕ್ಷರದಲ್ಲಿ ಎಲ್ಲ ಬರೆದೇ ಇತ್ತು, ಓದದವನು ನಾನು. ವೋಲ್ಟ್‌ಮೀಟರನ್ನು ನಂಬಿದ್ದೂ ನನ್ನದೇ ತಪ್ಪು. ಸೀಸದ ಬ್ಯಾಟರಿಯ ವೋಲ್ಟೇಜು ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ, ಸೂಚನೆ ಕೊಡುತ್ತದೆ. ಈ ಲಿಥಿಯಂ ಕೊನೆಯವರೆಗೂ ಸಮತಟ್ಟಾಗಿ ನಡೆದು ಬಾವಿಗೆ ಬಿದ್ದ ಹಾಗೆ ಬೀಳುತ್ತದೆ.

ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಅಂಗಡಿಗೆ ಹಳೇ ಬ್ಯಾಟರಿ ಕೊಳ್ಳಲು ಬಂದವರಿಗೆ ಅಪ್ಪ ಹೇಳುತ್ತಿದ್ದರು: "ಸೆಲ್ಫ್ ಹೊಡೀತು ಅಂತ ದುಡ್ಡು ಕೊಡಬೇಡಿ. ಹೆಡ್‌ಲೈಟ್ ಬಲ್ಬ್ ಹಾಕ್ತೀನಿ, ಟೀ ಕುಡ್ಕೊಂಡು ಕೂತ್ಕೊಳ್ಳಿ." ಗಡಿಯಾರ ನೋಡಿ ನಿಮಿಷ ಬರೆಯುತ್ತಿದ್ದವನು ನಾನೇ.

ಈಗ ನನ್ನ ವಿಮಾನದಲ್ಲಿರುವುದು ಸೀಸದ್ದೇ: ಆಸಿಡ್ಡನ್ನು ಗಾಜಿನ ನಾರು ಹೀರಿಕೊಂಡಿರುವ, ಚೆಲ್ಲದ ಜಾತಿಯದು, 16 ಆಂಪಿಯರ್-ಅವರ್. ಆ 16 ಕೂಡ 20 ಗಂಟೆ ನಿಧಾನವಾಗಿ ಎಳೆದರೆ ಮಾತ್ರ. ಬೇಗ ಎಳೆದರೆ ಕಡಿಮೆ ಸಿಗುತ್ತದೆ. 5 ಕಿಲೊ ಹೆಚ್ಚಾಯಿತು. ಮೂಗಿನ ಕಡೆ ಭಾರ ಕೂತಿದ್ದರಿಂದ ಗುರುತ್ವ ಕೇಂದ್ರದ ಲೆಕ್ಕವನ್ನು ಮತ್ತೆ ಮಾಡಿದೆ.

ಲಿಥಿಯಂ ಕೆಟ್ಟದ್ದು ಎನ್ನುತ್ತಿಲ್ಲ. ನಿಜವಾಗಿಯೂ 16 ಇರುವ ಲಿಥಿಯಂ ಕೊಂಡರೂ ಸೀಸಕ್ಕಿಂತ ಹಗುರವೇ. 2013ರಲ್ಲಿ ಬೋಯಿಂಗ್ 787 ವಿಮಾನಗಳನ್ನು ನೆಲಕ್ಕಿಳಿಸಿದ ಬ್ಯಾಟರಿಯಲ್ಲಿದ್ದದ್ದು ಕೋಬಾಲ್ಟ್ ಆಕ್ಸೈಡ್. ಐರನ್ ಫಾಸ್ಫೇಟ್ ಅದಕ್ಕಿಂತ ಸ್ಥಿರ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಹಾಳಾಗುತ್ತದೆ. ನಮ್ಮಲ್ಲಿ ಜನವರಿಯಲ್ಲಿ ಮೈನಸ್ 20 ಸಾಮಾನ್ಯ. ಬೆಂಗಳೂರಿನಲ್ಲಿದ್ದಿದ್ದರೆ ನನ್ನ ತೀರ್ಮಾನ ಬೇರೆ ಇರುತ್ತಿತ್ತೇನೊ.

ಪ್ರತಿ ಏಪ್ರಿಲ್‌ನಲ್ಲಿ ಬ್ಯಾಟರಿ ಬಿಚ್ಚಿ, ತೀರ ಅಗತ್ಯವಾದ ಸಾಮಾನುಗಳಷ್ಟೇ, ಅಂದರೆ 6 ಆಂಪಿಯರ್ ಹೊರೆ ಹಾಕಿ ಕೂರುತ್ತೇನೆ. ಹೊಸದಿದ್ದಾಗ 10.5 ವೋಲ್ಟಿಗೆ ಇಳಿಯಲು 2 ಗಂಟೆ 10 ನಿಮಿಷ ಹಿಡಿಯಿತು. ಒಂದೂವರೆ ಗಂಟೆಗಿಂತ ಕಡಿಮೆಯಾದ ವರ್ಷ, ಸೆಲ್ಫ್ ಎಷ್ಟೇ ಚೆನ್ನಾಗಿ ಹೊಡೆಯಲಿ, ಅದನ್ನು ಬದಲಾಯಿಸುತ್ತೇನೆ. ಕೆಂಪು ದೀಪ ಹೊತ್ತಿದರೆ ಅರ್ಧ ಗಂಟೆಯೊಳಗೆ ಇಳಿಯುತ್ತೇನೆ.

ಮಕ್ಕಳೇ, ನಾಳೆ ಬೆಳಗ್ಗೆ ಹತ್ತಕ್ಕೆ ಲ್ಯಾಬಿನಲ್ಲಿರುತ್ತೇನೆ, ವಿಜ್ಞಾನದ ಮೇಡಂ ಒಪ್ಪಿದ್ದಾರೆ. ಯಾರ ಮನೆಯಲ್ಲಾದರೂ ಹಳೇ ಬೈಕ್ ಬ್ಯಾಟರಿ ಇದ್ದರೆ, ಮನೆಯವರನ್ನು ಕೇಳಿ ತನ್ನಿ. ಬಲ್ಬು, ಮೀಟರು ನಾನು ತಂದಿದ್ದೇನೆ. ನಿಮಿಷ ಬರೆಯಲು ಒಬ್ಬರು ಬೇಕು.