ಮೇಲುಹಾಳೆಯ ಸಿಂಹಗಳು



ರಾಜ್ಯೋತ್ಸವದ ವೇದಿಕೆಯ ಮೇಲೆ ವಿದ್ವಾಂಸರು ಮಾತನಾಡುವುದು ವಾಡಿಕೆ. ನಾವಾದರೋ ಈ ಪುಣೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಲೆಕ್ಕ ಕೂಡಿಸಬಲ್ಲೆವು, ಭಾಷಣ ಕೂಡಿಸಲಾರೆವು. ಆದುದರಿಂದ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಮಗಳು ಆರನೆಯ ತರಗತಿಯಲ್ಲಿ ಓದುತ್ತಾಳೆ. ಪೌರನೀತಿಯ ಪಾಠಕ್ಕೆ ಆಗಾಗ ಪ್ರಾಜೆಕ್ಟು ಬರೆಯಬೇಕು. ಅದಕ್ಕೊಂದು ಚಿತ್ರವಿರುವ ಮೇಲುಹಾಳೆ ಬೇಕು. ಒಳಗಿನ ಪುಟಗಳನ್ನು ಮಕ್ಕಳು ಬರೆಯುವುದು, ಮೇಲುಹಾಳೆಯನ್ನು ತಂದೆತಾಯಿಗಳು ಬರೆಯುವುದು ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲದೆ ಎಲ್ಲ ಮನೆಗಳಲ್ಲಿಯೂ ನಡೆದುಬಂದಿರುವ ಪದ್ಧತಿ. ಇಲ್ಲಿ ಕುಳಿತಿರುವ ಎಷ್ಟೋ ಮಂದಿ ನಗುತ್ತಿರುವುದನ್ನು ನೋಡಿದರೆ ನಮ್ಮದೊಂದೇ ಮನೆಯಲ್ಲವೆಂದು ಧೈರ್ಯವಾಗುತ್ತದೆ.

ವಿಷಯ ನಮ್ಮ ಸಂವಿಧಾನ. ರಾತ್ರಿ ಊಟವಾದ ಮೇಲೆ ನಾವು ಪೆನ್ಸಿಲು ಹಿಡಿದೆವು. ಮಗಳು ಅಳಿಸುವ ರಬ್ಬರನ್ನು ಹಿಡಿದು ತೂಕಡಿಸುತ್ತಿದ್ದಳು. ಹನ್ನೊಂದೂವರೆಯ ಹೊತ್ತಿಗೆ ಸಾರನಾಥದ ಸಿಂಹಗಳು ಸಿದ್ಧವಾದುವು. ಕೆಳಗೆ 'ಸತ್ಯಮೇವ ಜಯತೇ' ಎಂದು ದುಂಡಗೆ ಬರೆದೆವು. ನಮಗೇ ಹೆಮ್ಮೆಯಾಯಿತು.

ಮರುದಿನ ಸಂಜೆ ಮಗಳು ಮುಖ ಬಾಡಿಸಿಕೊಂಡು ಬಂದಳು. ಉಪಾಧ್ಯಾಯಿನಿಯವರು ಚಿತ್ರವನ್ನು ಮೆಚ್ಚಿ, 'ಸಿಂಹಗಳು ಎಷ್ಟು?' ಎಂದು ಕೇಳಿದರಂತೆ. ಇವಳು ಮೂರು ಎಂದಳು. ನಾಲ್ಕನೆಯದು ಬೆನ್ನ ಹಿಂದಿದೆಯೆಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬರೆದ ನಾವೂ ಹೇಳಿರಲಿಲ್ಲ. 'ಬರೆದವರು ಯಾರು?' ಎಂಬ ಮುಂದಿನ ಪ್ರಶ್ನೆಗೆ, 'ನಾನೇ ಅಂತ ಹೇಳಿಬಿಟ್ಟೆ, ಅಪ್ಪಾ' ಎಂದು ಅತ್ತಳು.

ಬ್ಯಾಂಕಿನಲ್ಲಿ ಒಬ್ಬರ ಚೆಕ್ಕಿಗೆ ಮತ್ತೊಬ್ಬರು ರುಜು ಹಾಕಿದರೆ ನಾವು ಮುಲಾಜಿಲ್ಲದೆ ಹಿಂದಿರುಗಿಸುತ್ತೇವೆ. ಮನೆಯಲ್ಲಿ ಅದೇ ಕೆಲಸವನ್ನು ನಾವೇ ಮಾಡಿದ್ದೆವು. ಅದೂ ಸತ್ಯವೇ ಗೆಲ್ಲುವುದೆಂಬ ಮಾತನ್ನು ಅಡಿಯಲ್ಲಿ ಬರೆದು!

ಪೌರನೀತಿಗೆ ಚಿತ್ರ ಬೇಡವೆಂದು ನಾವು ಹೇಳುವುದಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಮೂಲಪ್ರತಿಯೇ ಕೈಬರಹದ್ದು, ಚಿತ್ರಗಳಿಂದ ಅಲಂಕೃತವಾದುದು. ಇಂಗ್ಲಿಷ್ ಪ್ರತಿಯನ್ನು ಬರೆದವರು ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ. ಚಿತ್ರಗಳ ಹೊಣೆ ಹೊತ್ತವರು ಶಾಂತಿನಿಕೇತನದ ನಂದಲಾಲ ಬಸು. ಆದರೆ ಅಂತಹ ಗುರುಗಳೂ ಎಲ್ಲವನ್ನೂ ತಾವೇ ಬರೆಯಲಿಲ್ಲ. ಪೀಠಿಕೆಯ ಪುಟವನ್ನು ಅಲಂಕರಿಸಿದವರು ಅವರ ಶಿಷ್ಯ ಬ್ಯೋಹಾರ್ ರಾಮಮನೋಹರ ಸಿಂಹ. ಸಿಂಹಗಳನ್ನು ಬರೆದವರು ಇನ್ನೊಬ್ಬ ಶಿಷ್ಯ ದೀನಾನಾಥ ಭಾರ್ಗವ. ದೇಶದ ಸಂವಿಧಾನಕ್ಕೇ ಗುರು ಶಿಷ್ಯರ ಕೈಗೆ ಕುಂಚ ಕೊಟ್ಟಿರುವಾಗ, ಶಾಲೆಯ ಒಂದು ಹಾಳೆಗೆ ನಾವು ಪೆನ್ಸಿಲು ಬಿಟ್ಟುಕೊಡಬಾರದೆ?

ಮುಂದಿನ ಪ್ರಾಜೆಕ್ಟು ಚುನಾವಣೆಯನ್ನು ಕುರಿತದ್ದು. ಈ ಸಲ ನಾವು ಕೈಕಟ್ಟಿ ಕುಳಿತೆವು. ಮಗಳು ತಾಯಿಯ ಎಡಗೈಯನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದು, ತೋರುಬೆರಳಿಗೆ ಮಸಿಯ ಗುರುತು ಹಾಕಿದಳು. ಬೆರಳು ಬದನೆಕಾಯಿಯಂತಿತ್ತು. 'ಈ ಮಸಿ ಎಲ್ಲಿಂದ ಬರುತ್ತೆ?' ಎಂದಳು. ಆಗ ಮಾತ್ರ ಬಾಯಿ ಬಿಟ್ಟೆವು. ಅದು ನಮ್ಮ ಮೈಸೂರಿನದು; 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ಅದನ್ನು ಒದಗಿಸುತ್ತಿದೆ; ಅದರಲ್ಲಿರುವ ಸಿಲ್ವರ್ ನೈಟ್ರೇಟು ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ, ತೊಳೆದರೆ ಹೋಗದು ಎಂದು ಹೇಳಿದೆವು.

ಅವಳು ಸ್ವಲ್ಪ ಯೋಚಿಸಿ, ಬೆರಳಿನ ಪಕ್ಕದಲ್ಲಿ ಕನ್ನಡ ಅಕ್ಷರಗಳಲ್ಲಿ 'ಮೈಸುರು' ಎಂದು ಬರೆದಳು. ಅವಳ ಶಾಲೆಯ ಪುಸ್ತಕದೊಳಗೆ ಕನ್ನಡ ಕಾಲಿಟ್ಟದ್ದು ಅದೇ ಮೊದಲು. 'ಸು'ವಿಗೆ ದೀರ್ಘವಿರಲಿಲ್ಲ. ತಿದ್ದಲು ನಮ್ಮ ಕೈ ತುರಿಸಿತು, ತಿದ್ದಲಿಲ್ಲ.

ಉಪಾಧ್ಯಾಯಿನಿಯವರು ಆ ಅಕ್ಷರಗಳೇನೆಂದು ಕೇಳಿದಾಗ ಮಸಿಯ ಕಥೆಯನ್ನೆಲ್ಲ ಅವಳೇ ತರಗತಿಗೆ ಹೇಳಿದಳಂತೆ. ಅಂಕ ಹಿಂದಿನದಕ್ಕಿಂತ ಎರಡು ಕಡಿಮೆ ಬಂತು. ಆದರೆ ಅಂದು ಮನೆಗೆ ಓಡಿಕೊಂಡು ಬಂದಳು.

ಬಂಧುಗಳೇ, ಮಕ್ಕಳಿಗೆ ಕಾಗದ ಕೊಡೋಣ, ಬಣ್ಣ ಕೊಡೋಣ, ಕೇಳಿದರೆ ಕಥೆ ಹೇಳೋಣ. ಗೆರೆಯನ್ನು ಮಾತ್ರ ಅವರೇ ಎಳೆಯಲಿ.